ಓದುಗರ ಪ್ರಶ್ನೆ: ಬಿ.ಎ. ಇತಿಹಾಸದವರ ಪ್ರಾಜೆಕ್ಟ್ ಪಡಿಪಾಟಲು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಿ.ಎ. ಇತಿಹಾಸ ಓದುತ್ತಿರುವವರದ್ದೇ. ಪ್ರಾಜೆಕ್ಟ್ ಸಲ್ಲಿಸುವ ಸಮಯ ಹತ್ತಿರ ಬಂದಿರಬೇಕು. ಉಳಿದವರ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವರಿಗೇ ಪುಟ ಬಿಟ್ಟುಕೊಟ್ಟಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ಹಿರೇಕೆರೂರು ಕಡೆಯವನು, ಕೊನೇ ವರ್ಷದ ಬಿ.ಎ. ನಮ್ಮ ಕ್ಲಾಸಿನಲ್ಲಿ ಎಲ್ಲರೂ ‘ವಿಜಯನಗರದ ಆಡಳಿತ ವ್ಯವಸ್ಥೆ’, ‘ಟಿಪ್ಪುವಿನ ಸುಧಾರಣೆಗಳು’ ಅಂತ ವಿಷಯ ತಗೊಂಡಿದ್ದಾರೆ. ಸೀನಿಯರ್‌ಗಳ ಹಳೇ ಪ್ರಾಜೆಕ್ಟ್ ಸಿಗುತ್ತೆ, ಅದನ್ನೇ ಟೈಪ್ ಮಾಡಿಸಿದರೆ ಮುಗೀತು ಅಂತಾರೆ. ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇದೆ. ಅದರ ಮೇಲೆ ಮಾಡಬಹುದಾ? ಒಂದೇ ಕಲ್ಲಿನಿಂದ ನಲವತ್ತು ಪುಟ ಆಗುತ್ತಾ? ಅದರ ಅಕ್ಷರ ಓದೋಕೆ ನನಗೆ ಬರಲ್ಲ.

ಉತ್ತರ: ಧಾರಾಳವಾಗಿ ಮಾಡಬಹುದು. ವಿಜಯನಗರದ ಬಗ್ಗೆ ನೀವು ಏನು ಬರೆದರೂ ನಿಮ್ಮ ಗೈಡ್ ಅದನ್ನು ಮೊದಲೇ ಓದಿರುತ್ತಾರೆ. ನಿಮ್ಮೂರ ಕೆರೆ ಏರಿಯ ಕಲ್ಲಿನ ಬಗ್ಗೆ ಓದಿರುವ ಸಾಧ್ಯತೆ ಕಡಿಮೆ. ಅದನ್ನು ಆರಿಸಿಕೊಳ್ಳೋಕೆ ಅಷ್ಟು ಕಾರಣ ಸಾಕಲ್ವಾ?

ಅಕ್ಷರದ ಚಿಂತೆ ಆಮೇಲೆ. ಮೊದಲು ಕಲ್ಲನ್ನು ನೋಡಿ. ನೋಡೋದು ಅಂದ್ರೆ ಮೊಬೈಲ್‌ನಲ್ಲಿ ಫೋಟೋ ಹೊಡೆದು ಬರೋದಲ್ಲ, ನೋಟ್‌ಬುಕ್, ಪೆನ್ಸಿಲ್, ಒಂದು ಟೇಪು ಹಿಡಿದು ಅದರ ಮುಂದೆ ಅರ್ಧ ದಿನ ಕೂರೋದು. ಎತ್ತರ, ಅಗಲ, ದಪ್ಪ ಅಳೆಯಿರಿ. ಯಾವ ದಿಕ್ಕಿಗೆ ಮುಖ ಮಾಡಿದೆ, ಮಣ್ಣಲ್ಲಿ ಎಷ್ಟು ಹೂತಿದೆ, ಅಲ್ಲೇ ನಿಲ್ಲಿಸಿದ್ದೋ ಬೇರೆ ಕಡೆಯಿಂದ ತಂದು ಇಟ್ಟಿದ್ದೋ ಅಂತ ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಕಲ್ಲನ್ನು ನೋಡಿಕೊಂಡು ಚಿತ್ರ ಬಿಡಿಸಿ. ಡ್ರಾಯಿಂಗ್ ಬರಲ್ಲ ಅಂತ ನೆಪ ಹೇಳಬೇಡಿ. ಬಿಡಿಸೋಕೆ ಕೂತಾಗಲೇ ಅವನ ತುರುಬು ಎಡಕ್ಕೆ ವಾಲಿದೆ, ಸೊಂಟದಲ್ಲೊಂದು ಬಾಕು ಇದೆ ಅನ್ನೋದು ಕಣ್ಣಿಗೆ ಬೀಳೋದು.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಪಕ್ಕದಲ್ಲಿ ಪೂಜಾರಿ, ಬಸವ, ತುದಿಯಲ್ಲಿ ಸೂರ್ಯ ಚಂದ್ರ. ಇದು ಎಲ್ಲ ಪುಸ್ತಕದಲ್ಲೂ ಇದೆ, ನಿಮ್ಮ ಕೆಲಸ ಇರೋದು ಇದರಾಚೆ. ಕೆಳಗಿನ ಹಂತದಲ್ಲಿ ದನಗಳಿವೆಯಾ? ಇದ್ದರೆ ಅವನು ತುರುಗೋಳಿನಲ್ಲಿ, ಅಂದರೆ ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನು ಅನ್ನಬಹುದು. ಹೆಣ್ಣಿನ ಚಿತ್ರ ಇದೆಯಾ? ಹಾಗಿದ್ದರೆ ಹೆಣ್ಣುಗಳ ಮಾನ ಕಾಯಲು ಹೋಗಿ ಸತ್ತಿರಬಹುದು. ಕುದುರೆ ಇದೆಯಾ, ಬಿಲ್ಲೋ ಕತ್ತಿಯೋ, ಎದುರಿಗೆ ಎಷ್ಟು ಜನ? ಪಕ್ಕದಲ್ಲಿ ಬಳೆ ತೊಟ್ಟ ತೋಳು ಎತ್ತಿ ನಿಂತ ಕಲ್ಲೇನಾದರೂ ಇದ್ದರೆ ಅದು ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ನೆನಪಿನ ಕಲ್ಲು, ಅದನ್ನೂ ಸೇರಿಸಿಕೊಳ್ಳಿ. ಹಾಗೇ ಅಕ್ಕಪಕ್ಕದ ನಾಲ್ಕಾರು ಹಳ್ಳಿಗೆ ಸೈಕಲ್ಲೋ ಬೈಕೋ ಹತ್ತಿ ಹೋಗಿಬನ್ನಿ. ಅಲ್ಲಿನ ವೀರಗಲ್ಲುಗಳಲ್ಲೂ ದನಗಳೇ ಇದ್ದರೆ, ಈ ಭಾಗದಲ್ಲಿ ಆಗ ಆಸ್ತಿ ಅಂದ್ರೆ ಏನಾಗಿತ್ತು, ಯಾರು ಯಾರ ಮೇಲೆ ಬೀಳುತ್ತಿದ್ದರು ಅನ್ನೋ ಪ್ರಶ್ನೆ ತಾನಾಗೇ ಹುಟ್ಟುತ್ತೆ. ನಲವತ್ತು ಪುಟ ಸಾಕಾಗಲ್ಲ ಆಮೇಲೆ.

ಈಗ ಅಕ್ಷರ. ಬರಹ ಇದ್ದರೆ ಹಂತಗಳ ನಡುವಿನ ಅಡ್ಡಪಟ್ಟಿಯಲ್ಲಿ ಇರೋದು ಜಾಸ್ತಿ. ನಡುಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಇಲ್ಲದಿದ್ದರೆ ಕತ್ತಲಾದ ಮೇಲೆ ಒಬ್ಬ ಗೆಳೆಯನ ಕೈಗೆ ಟಾರ್ಚ್ ಕೊಟ್ಟು ಕಲ್ಲಿನ ಪಕ್ಕದಿಂದ ಬೆಳಕು ಬಿಡಿಸಿ, ಅಕ್ಷರದ ಗೀರಿನಲ್ಲಿ ನೆರಳು ಕೂತು ಸಾಲು ಎದ್ದು ಬರುತ್ತೆ. ಫೋಟೋ ಆಗ ತೆಗೀರಿ, ಟಾರ್ಚನ್ನು ಬೇರೆ ಬೇರೆ ಕಡೆ ಹಿಡಿಸಿ ಒಂದೇ ಜಾಗದ ನಾಲ್ಕೈದು ಫೋಟೋ. ಸೀಮೆಸುಣ್ಣ ತಿಕ್ಕೋದು, ಎಣ್ಣೆ ಹಚ್ಚೋದು, ತಂತಿ ಬ್ರಷ್‌ನಿಂದ ಉಜ್ಜೋದು ದಯವಿಟ್ಟು ಬೇಡ. ಪಡಿಯಚ್ಚು, ಅಂದರೆ ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸಿಕೊಳ್ಳೋ ಅಚ್ಚು, ಅದನ್ನು ತೆಗೆಯೋದನ್ನು ಬಲ್ಲವರ ಜೊತೆ ನಿಂತು ಕಲಿಯಿರಿ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಮೆಲ್ಲಗೆ ಬಡಿದು ಬಡಿದು ಕಾಗದ ಅಕ್ಷರದ ಒಳಗೆ ಇಳಿಯೋ ಹಾಗೆ ಮಾಡಬೇಕು. ಗಾಳಿಗುಳ್ಳೆ ಉಳಿದರೆ ಅಲ್ಲಿನ ಅಕ್ಷರ ಕೆಟ್ಟಿತು ಅಂತಲೇ ಲೆಕ್ಕ. ಕಾಗದ ಅರೆ ಒಣಗಿದಾಗ ಮಸಿ ಅದ್ದಿದ ಬಟ್ಟೆಗಂಟಿನಿಂದ ತಟ್ಟುತ್ತಾ ಹೋದರೆ ಸುತ್ತ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತೆ. ಕಲ್ಲು ಸಂರಕ್ಷಿತ ಸ್ಮಾರಕದ ಒಳಗಿದ್ದರೆ ಇಲಾಖೆಯ ಅನುಮತಿ ಬೇಕೇ ಬೇಕು.

ಓದೋಕೆ ಬರದಿದ್ದರೂ ಅದನ್ನು ಯಾರಾದರೂ ಮೊದಲೇ ಓದಿ ಅಚ್ಚು ಹಾಕಿಸಿರಬಹುದು. ಇಲ್ಲೇ ತುಂಬ ಹುಡುಗರು ದಾರಿ ತಪ್ಪೋದು. ಮೇಷ್ಟ್ರು ಎಪಿಗ್ರಾಫಿಯ ಕರ್ನಾಟಿಕ ಅನ್ನೋ ಶಾಸನ ಸಂಪುಟಗಳನ್ನು ನೋಡು ಅಂತಾರೆ, ಅದರಲ್ಲಿ ಸಿಗದೇ ಹೋದಾಗ ಇವರು ‘ಅಪ್ರಕಟಿತ ಶಾಸನ’ ಅಂತ ಬರೆದುಬಿಡ್ತಾರೆ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಶುರು ಮಾಡಿದ ಆ ಸಂಪುಟಗಳು ಹಳೇ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದವು. ನಿಮ್ಮ ಪಕ್ಕದ ಶಿಕಾರಿಪುರ ಮೈಸೂರಿಗೆ ಸೇರಿತ್ತು, ಹಾಗಾಗಿ ಅಲ್ಲಿನ ಶಾಸನಗಳು ಏಳನೇ ಸಂಪುಟದಲ್ಲಿವೆ. ನಿಮ್ಮ ತಾಲ್ಲೂಕು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ನೀವು ನೋಡಬೇಕಾದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸರಣಿಯ ಬಾಂಬೆ ಕರ್ನಾಟಕ ಸಂಪುಟಗಳನ್ನು, ಹನ್ನೊಂದನೇ ಸಂಪುಟದಿಂದ ಶುರು ಮಾಡಿ. ಜೊತೆಗೆ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದ ವಾರ್ಷಿಕ ವರದಿಗಳಲ್ಲಿ ಊರಿನ ಹೆಸರು ಹುಡುಕಿ. ಪೂರ್ತಿ ಪಾಠ ಇರಲ್ಲ, ಆದರೆ ಎಲ್ಲಿದೆ, ಯಾವ ರಾಜ, ಯಾವ ತೇದಿ ಅನ್ನೋದು ಎರಡು ಸಾಲಲ್ಲಿ ಇರುತ್ತೆ. ಹಳೇ ಪುಸ್ತಕಗಳಲ್ಲಿ ಹಿರೇಕೆರೂರು ತಾಲ್ಲೂಕು ಅಂತ ಹುಡುಕಿದರೆ ಸಿಗಲ್ಲ, ಆಗ ಅದು ಕೋಡ ತಾಲ್ಲೂಕು. ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ಒಂದು ದಿನ ಬಸ್ಸು ಹತ್ತಿ ಹೋಗಿಬನ್ನಿ.

ತೇದಿಯ ವಿಷಯ ಒಂದು ಹೇಳಿ ಮುಗಿಸ್ತೀನಿ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ, ಇದು ಎಲ್ಲರಿಗೂ ಗೊತ್ತು. ಸಂವತ್ಸರವನ್ನು ಮಾತ್ರ ಯಾರೂ ಕೇಳಲ್ಲ. ಶ್ರವಣಬೆಳಗೊಳದಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶಾಸನ ಇದೆಯಲ್ಲ, ಅದರ ತೇದಿ ಶಕ 1290, ಕೀಲಕ ಸಂವತ್ಸರ. 78 ಕೂಡಿಸಿದರೆ 1368. ಆ ಶಕದ ಅಂಕಿಯೇ ಒಡೆದುಹೋಗಿತ್ತು ಅಂತ ಇಟ್ಟುಕೊಳ್ಳಿ. ಬುಕ್ಕನ ಹೆಸರು, ಕೀಲಕ ಅನ್ನೋ ಪದ ಎರಡೇ ಉಳಿದಿದ್ದರೂ ಸಾಕು. ಕೀಲಕ ಅರವತ್ತು ವರ್ಷಕ್ಕೊಮ್ಮೆ ಬರೋದು, ಹಿಂದಿನದು 1308, ಮುಂದಿನದು 1428. ಬುಕ್ಕ ಆಳಿದ್ದು 1356ರಿಂದ 1377ರ ತನಕ. ಹಾಗಾಗಿ 1368 ಬಿಟ್ಟು ಬೇರೆ ವರ್ಷ ಆಗೋಕೆ ಸಾಧ್ಯವೇ ಇಲ್ಲ. ಒಂದು ಪಂಚಾಂಗದ ಸಂವತ್ಸರದ ಪಟ್ಟಿ ಜೇಬಲ್ಲಿ ಇಟ್ಟುಕೊಳ್ಳಿ. ತಿಂಗಳು ಪುಷ್ಯ, ಮಾಘ, ಫಾಲ್ಗುಣ ಆಗಿದ್ದರೆ ಇಸವಿ ಮುಂದಿನ ವರ್ಷಕ್ಕೆ ದಾಟಿರಬಹುದು, ಆಗ 79 ಕೂಡಿಸಬೇಕಾಗುತ್ತೆ, ಅದನ್ನೂ ಮರೀಬೇಡಿ.

ಪ್ರಶ್ನೆ: ನಮಸ್ತೆ ಮೇಡಂ. ನಾನು ಸಾಗರ ತಾಲ್ಲೂಕಿನವಳು, ಎರಡನೇ ವರ್ಷದ ಬಿ.ಎ. ಶರಾವತಿ ಮುಳುಗಡೆ ಬಗ್ಗೆ ನಮ್ಮಜ್ಜಿ ಹೇಳೋದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡ್ತಿದ್ದೀನಿ. ತೊಂದರೆ ಏನಂದ್ರೆ ಅಜ್ಜಿ ಒಂದ್ಸಲ ‘ಗಾಂಧಿ ಸತ್ತ ಹೊತ್ತಿಗೆ ಗದ್ದೆ ಮುಳುಗಿತ್ತು’ ಅಂತಾರೆ, ಇನ್ನೊಂದ್ಸಲ ‘ನೆಹರೂ ಸತ್ತ ವರ್ಷ ಊರು ಬಿಟ್ಟೆವು’ ಅಂತಾರೆ. ನಮ್ಮ ಮೇಷ್ಟ್ರು ‘ವಯಸ್ಸಾದವರ ನೆನಪು ನಂಬಬೇಡ, ಪುಸ್ತಕದಲ್ಲಿ ಇರೋದನ್ನು ಹಾಕು’ ಅಂದ್ರು. ಏನು ಮಾಡಲಿ?

ಉತ್ತರ: ನಿಮ್ಮಜ್ಜಿ ಎರಡು ಸಲವೂ ಸರಿಯಾಗೇ ಹೇಳಿರಬಹುದು. ಆ ಕಣಿವೆಯಲ್ಲಿ ಮುಳುಗಡೆ ಆಗಿದ್ದು ಒಂದೇ ಸಲ ಅಲ್ಲ. 1940ರ ದಶಕದಲ್ಲಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, ಅದರ ನೀರಿನಿಂದ ಜೋಗದಲ್ಲಿ 1948ರಲ್ಲಿ ವಿದ್ಯುತ್ ಶುರುವಾಯ್ತು. ಗಾಂಧೀಜಿ ತೀರಿಕೊಂಡಿದ್ದೂ ಅದೇ ವರ್ಷ. ಆಮೇಲೆ ಲಿಂಗನಮಕ್ಕಿ ಬಂತು, ಅದು ಮುಗಿದಿದ್ದು 1964ರಲ್ಲಿ. ನೆಹರೂ ತೀರಿಕೊಂಡಿದ್ದು 1964ರ ಮೇ ತಿಂಗಳಲ್ಲಿ. ಲಿಂಗನಮಕ್ಕಿಯ ಹಿನ್ನೀರು ಎಷ್ಟು ದೂರ ಬಂತು ಅಂದ್ರೆ ಹಳೇ ಹಿರೇಭಾಸ್ಕರ ಅಣೆಕಟ್ಟೇ ಅದರಲ್ಲಿ ಮುಳುಗಿಹೋಯ್ತು, ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಈಗಲೂ ಕಾಣಿಸಿಕೊಳ್ಳುತ್ತೆ. ನಿಮ್ಮಜ್ಜಿ ಮನೆಯವರ ಗದ್ದೆ ಮೊದಲ ಸಲ ಹೋಗಿ, ಮನೆ ಎರಡನೇ ಸಲ ಹೋಗಿರಬಹುದು. ಅಥವಾ ಒಂದು ಅವರ ತವರಿನದು, ಇನ್ನೊಂದು ಗಂಡನ ಮನೆಯದು ಇರಬಹುದು. ‘ಯಾವ ಮುಳುಗಡೆ ಅಜ್ಜಿ, ಮೊದಲಿನದಾ ಆಮೇಲಿನದಾ?’ ಅಂತ ಕೇಳಿ ನೋಡಿ.

ನಿಮ್ಮ ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನೆನಪನ್ನು ಕಣ್ಣು ಮುಚ್ಚಿ ನಂಬಬಾರದು ನಿಜ, ಹಾಗಂತ ಅಚ್ಚಾಗಿರೋದನ್ನು ನಂಬಬೇಕು ಅಂತ ಎಲ್ಲಿದೆ? ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿಸಿದರಲ್ಲ, ಅಲ್ಲಿ ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ ಒಂದು, ಜನರ ಲೆಕ್ಕದಲ್ಲಿ ಇನ್ನೊಂದು. ಯಾವುದನ್ನು ಯಾರು ಯಾವಾಗ ಯಾಕೆ ಹೇಳಿದರು ಅಂತ ಕೇಳೋದೇ ಇತಿಹಾಸದವರ ಕಸುಬು. ಅಜ್ಜಿಯನ್ನೂ ಹಾಗೇ ಕೇಳಬೇಕು, ಗೆಜೆಟಿಯರನ್ನೂ ಹಾಗೇ ಕೇಳಬೇಕು.

ಇಸವಿ ಕೇಳಬೇಡಿ. ‘ಆಗ ದೊಡ್ಡಪ್ಪ ಹುಟ್ಟಿದ್ರಾ?’, ‘ಅಡಿಕೆ ಕೊಯ್ಲು ಮುಗಿದಿತ್ತಾ?’, ‘ಲಾರೀಲಿ ಬಂದ್ರಾ, ಗಾಡೀಲಾ?’ ಅಂತ ಕೇಳಿ. ಅಜ್ಜಿ ಕೈಗೆ ಒಂದು ದೊಡ್ಡ ಹಾಳೆ ಕೊಟ್ಟು ಹಳೇ ಊರಿನ ನಕ್ಷೆ ಹಾಕಿಸಿ. ಬರೆಯೋಕೆ ಬರದಿದ್ದರೆ ಅಂಗಳದಲ್ಲಿ ಅಡಿಕೆ, ಕಲ್ಲು ಇಟ್ಟು ‘ಇದು ನಮ್ಮನೆ, ಇದು ಬಾವಿ, ಇದು ಚೌಡಿ ಬನ’ ಅಂತ ತೋರಿಸಲಿ, ನೀವು ಮೇಲಿಂದ ಫೋಟೋ ತೆಗೀರಿ. ಮಾತಿನಲ್ಲಿ ಬರದೇ ಇದ್ದದ್ದು ಅದರಲ್ಲಿ ಬರುತ್ತೆ, ಯಾರ ಕೇರಿ ಎಲ್ಲಿತ್ತು, ನೀರು ಯಾರ ಮನೆಗೆ ಮೊದಲು ಬಂತು ಅನ್ನೋದೆಲ್ಲ.

ಇನ್ನೊಂದು ಮುಖ್ಯ ವಿಷಯ. ನಿಮ್ಮಜ್ಜಿ ಒಬ್ಬರನ್ನೇ ಮಾತಾಡಿಸಿ ನಿಲ್ಲಿಸಬೇಡಿ. ಸಾಗರ ಅಂದ್ರೆ 1951ರಲ್ಲಿ ಕಾಗೋಡು ಸತ್ಯಾಗ್ರಹ ಆದ ತಾಲ್ಲೂಕು, ಗೇಣಿದಾರರು ಎದ್ದುನಿಂತ ಜಾಗ. ಅದಾಗಿ ಹದಿಮೂರು ವರ್ಷಕ್ಕೆ ಈ ನೀರು. ಜಮೀನು ಒಬ್ಬರ ಹೆಸರಲ್ಲಿ, ಉಳೋರು ಇನ್ನೊಬ್ಬರು. ಪರಿಹಾರ ಯಾರ ಕೈಗೆ ಬಂತು? ಒಡೆಯರ ಮನೆಯವರನ್ನೂ ಕೇಳಿ, ಗೇಣಿ ಮಾಡ್ತಿದ್ದವರ ಮನೆಯವರನ್ನೂ ಕೇಳಿ, ಜಮೀನೇ ಇಲ್ಲದೆ ಕೂಲಿ ಮಾಡ್ತಿದ್ದವರನ್ನು ಖಂಡಿತ ಬಿಡಬೇಡಿ. ಆದರೆ ಹೊಸ ಜಾಗದ ಹಕ್ಕುಪತ್ರದ ತಕರಾರು ಮುಳುಗಡೆಯವರಿಗೆ ಇವತ್ತಿಗೂ ತೀರಿಲ್ಲ. ಅವರು ನಂಬಿ ಹೇಳಿದ ಜಮೀನಿನ ಮಾತು ನಿಮ್ಮ ವರದಿಯಿಂದ ಅವರಿಗೇ ತಿರುಗಿಕೊಳ್ಳಬಾರದು. ರೆಕಾರ್ಡ್ ಮಾಡೋಕೆ ಮೊದಲು ಕೇಳಿ, ಹೆಸರು ಹಾಕಬಹುದಾ ಅಂತ ಬೇರೆಯಾಗಿ ಕೇಳಿ. ಬೇಡ ಅಂದ ಭಾಗ ಅಳಿಸಿಬಿಡಿ. ರೆಕಾರ್ಡ್ ಆದ ಫೈಲಿಗೆ ಅವತ್ತೇ ತೇದಿ, ಊರು ಹಾಕಿ ಇನ್ನೊಂದು ಕಡೆ ಕಾಪಿ ಇಡಿ, ಫೋನು ನೀರಿಗೆ ಬಿದ್ದರೆ ಆಮೇಲೆ ಅತ್ತು ಪ್ರಯೋಜನ ಇಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಬಿ.ಎ. ಓದ್ತಿದ್ದೀನಿ. 1898ರ ಪ್ಲೇಗ್ ಬಗ್ಗೆ ಮಾಡೋಣ ಅಂತ ಒಂದು ಪತ್ರಾಗಾರಕ್ಕೆ ಹೋದೆ. ‘ಪ್ಲೇಗ್ ದಾಖಲೆ ಕೊಡಿ’ ಅಂದೆ. ‘ಯಾವ ಫೈಲು?’ ಅಂದ್ರು. ಗೊತ್ತಿಲ್ಲ ಅಂದೆ. ಸುಮ್ನೆ ವಾಪಸ್ ಬಂದೆ. ಅಲ್ಲಿ ಹೇಗೆ ಕೇಳಬೇಕು?

ಉತ್ತರ: ಪತ್ರಾಗಾರದಲ್ಲಿ ವಿಷಯದ ಪ್ರಕಾರ ಕಟ್ಟಿಟ್ಟಿರಲ್ಲ, ಕಚೇರಿಯ ಪ್ರಕಾರ ಕಟ್ಟಿಟ್ಟಿರುತ್ತಾರೆ. ಆ ಕಾಲದಲ್ಲಿ ಈ ಕೆಲಸ ಯಾವ ಇಲಾಖೆಯ ಟೇಬಲ್ ಮೇಲೆ ಬಂದಿರುತ್ತೆ ಅಂತ ನೀವು ಯೋಚನೆ ಮಾಡಬೇಕು. ಪ್ಲೇಗ್ ಅಂದ ಕೂಡಲೇ ಆಸ್ಪತ್ರೆ ಇಲಾಖೆ ಅನ್ನಿಸುತ್ತೆ, ಆದರೆ ಜನರನ್ನು ತಡೆದು ತಪಾಸಣೆ ಮಾಡಿದ್ದು ರೈಲ್ವೆ ಸ್ಟೇಷನ್‌ನಲ್ಲಿ, ಮನೆ ಖಾಲಿ ಮಾಡಿಸಿದ್ದು ಮುನಿಸಿಪಾಲಿಟಿ, ಬಸವನಗುಡಿ ಮಲ್ಲೇಶ್ವರದಂಥ ಹೊಸ ಬಡಾವಣೆಗೆ ಜಾಗ ಕೊಟ್ಟಿದ್ದು ಸರ್ಕಾರ. ಹಾಗಾಗಿ ಮೊದಲು ಸೂಚಿ ಪುಸ್ತಕ ಕೇಳಿ. ಇಲಾಖೆ, ವರ್ಷ, ಫೈಲ್ ನಂಬರ್ ಗುರುತು ಹಾಕಿಕೊಂಡು ಚೀಟಿ ಬರೆದು ಕೊಡಿ. ಪ್ರಿನ್ಸಿಪಾಲರ ಪತ್ರ, ಕಾಲೇಜಿನ ಗುರುತಿನ ಚೀಟಿ, ಪೆನ್ಸಿಲ್ ಇರಲಿ, ಪೆನ್ನು ಬ್ಯಾಗಲ್ಲೇ ಇರಲಿ.

ಬೆಂಗಳೂರಿನವರಿಗೆ ಇನ್ನೊಂದು ತೊಡಕಿದೆ. ಪೇಟೆ ಕಡೆ ಮೈಸೂರು ಸರ್ಕಾರದ್ದು, ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟ್ ಕೈಯಲ್ಲಿ, 1947ರ ತನಕವೂ ಹಾಗೇ. ಒಂದೇ ಕಾಯಿಲೆಗೆ ಎರಡು ಸರ್ಕಾರ, ಎರಡು ಕಡತ! ಮೈಸೂರು ಸರ್ಕಾರದ ಫೈಲುಗಳು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಸಿಗುತ್ತವೆ. ರೆಸಿಡೆನ್ಸಿಯ ಕಾಗದಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ನೋಡಬೇಕು, ಅವರ ಅಭಿಲೇಖ್ ಪಟಲ್ ಅನ್ನೋ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಫೈಲು ಕೈಗೆ ಬಂದಾಗ ಕೊನೆಯ ಆದೇಶ ಮಾತ್ರ ನಕಲು ಮಾಡಿಕೊಂಡು ಎದ್ದು ಬರಬೇಡಿ. ಮಜಾ ಇರೋದು ಅಂಚಿನ ಟಿಪ್ಪಣಿಗಳಲ್ಲಿ, ಒಬ್ಬ ಅಧಿಕಾರಿ ಬರೆದದ್ದನ್ನು ಮೇಲಿನವನು ಹೊಡೆದು ಹಾಕಿರುತ್ತಾನೆ ನೋಡಿ, ಅಲ್ಲಿ.

ಪ್ರಶ್ನೆ: ಕಲಬುರಗಿಯಿಂದ. ನಮ್ಮ ಮುತ್ತಾತನ ಕಾಲದ ಕಾಗದಗಳು ಸಿಕ್ಕಿವೆ. ಉರ್ದುವಿನಲ್ಲಿವೆ, ತೇದಿ ಜಾಗದಲ್ಲಿ 1345 ಅಂತ ಇದೆ. ಏಳುನೂರು ವರ್ಷ ಹಳೆಯದಾ?

ಉತ್ತರ: ಅಷ್ಟು ಹಳೆಯದಾಗಿದ್ದರೆ ನಿಮ್ಮ ಮುತ್ತಾತ ಬಹಮನಿ ಸುಲ್ತಾನರನ್ನೂ ನೋಡಿರಬೇಕಿತ್ತು! ಅದು ಫಸಲಿ ವರ್ಷ ಇರಬೇಕು, ನಿಜಾಮರ ಕಂದಾಯದ ಲೆಕ್ಕ. 590 ಕೂಡಿಸಿ, 1935-36 ಆಗುತ್ತೆ. ತಿಂಗಳ ಹೆಸರು ಆಜರ್, ಬಹಮನ್, ತೀರ್ ಅಂತ ಇದ್ದರೆ ಫಸಲಿ ಅನ್ನೋದು ಗಟ್ಟಿ. ಮೊಹರಂ, ರಂಜಾನ್ ಅಂತಿದ್ದರೆ ಹಿಜರಿ, ಅದರ ಲೆಕ್ಕವೇ ಬೇರೆ, ಅದು ಚಾಂದ್ರಮಾನ, ಸುಮ್ನೆ ಒಂದು ಅಂಕಿ ಕೂಡಿಸಿದರೆ ಬರಲ್ಲ. ನಿಮ್ಮ ಬಡಾವಣೆಯಲ್ಲೇ ಉರ್ದು ಓದಬಲ್ಲ ಹಿರಿಯರು ಇರ್ತಾರೆ, ಅವರ ಪಕ್ಕ ಕೂತು ಓದಿಸಿಕೊಳ್ಳಿ. ಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಮಡಿಕೆ ಬಿಡಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಜಾಗೀರಿನ ಕಾಗದ ಏನಾದರೂ ಆಗಿದ್ದರೆ ಬಿಡಬೇಡಿ, ಹೈದರಾಬಾದಿನ ಜಾಗೀರುಗಳು ರದ್ದಾಗಿದ್ದು 1949ರಲ್ಲಿ, ಅದರ ಹಿಂದೆ ಮುಂದೆ ನಿಮ್ಮ ಮನೆಯಲ್ಲಿ ಏನಾಯ್ತು ಅನ್ನೋದೇ ಒಂದು ಪ್ರಾಜೆಕ್ಟು.

ಪ್ರಶ್ನೆ: ನಮ್ಮ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುವಾಗ ಕಪ್ಪು-ಕೆಂಪು ಮಡಕೆ ಚೂರು, ಒಂದೆರಡು ನಾಣ್ಯ ಸಿಕ್ಕವು. ಗೆಳೆಯರೆಲ್ಲ ಸೇರಿ ಅಗೆದು ನೋಡಿ ಪ್ರಾಜೆಕ್ಟ್ ಮಾಡೋಣ ಅಂತಿದ್ದೀವಿ.

ಉತ್ತರ: ಅಗೀಬೇಡಿ. ಲೈಸೆನ್ಸ್ ಇಲ್ಲದೆ ಉತ್ಖನನ ಮಾಡೋ ಹಾಗಿಲ್ಲ, ಅದು ನಿಮ್ಮದೇ ಹೊಲ ಆದರೂ ಅಷ್ಟೇ. ಕಾನೂನು ಪಕ್ಕಕ್ಕಿಡಿ, ಮಡಕೆ ಚೂರು ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಅನ್ನೋದು ಒಮ್ಮೆ ಕಲಕಿದರೆ ಮತ್ತೆ ಸಿಗಲ್ಲ. ನಾಣ್ಯದ ವಿಷಯ ಜಿಲ್ಲಾಧಿಕಾರಿಗೆ ಬರೆದು ತಿಳಿಸಿ, ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ. ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸಿ.

ನೀವು ಮಾಡಬಹುದಾದ್ದು ನೆಲದ ಮೇಲಿನ ಹುಡುಕಾಟ. ಹೊಲದ ನಕ್ಷೆ ಹಾಕಿ, ಚೌಕ ಚೌಕ ಮಾಡಿ, ಸಾಲಾಗಿ ನಡೆದು, ಯಾವ ಚೌಕದಲ್ಲಿ ಎಷ್ಟು ಚೂರು ಕಾಣಿಸ್ತು ಅಂತ ಎಣಿಸಿ, ಸ್ಕೇಲು ಇಟ್ಟು ಫೋಟೋ ತೆಗೆದು, ಎಲ್ಲಿದ್ದವೋ ಅಲ್ಲೇ ಬಿಡಿ. ಕಪ್ಪು-ಕೆಂಪು ಮಡಕೆ ನಮ್ಮ ಕಡೆ ಬೃಹತ್ ಶಿಲಾ ಸಮಾಧಿಗಳ ಕಾಲದ ಜಾಗಗಳಲ್ಲಿ ಸಿಗೋದು ಜಾಸ್ತಿ. ಹಾಗಾಗಿ ಹತ್ತಿರದಲ್ಲಿ ಕಲ್ಲಿನ ವೃತ್ತ, ಚಪ್ಪಡಿ ಕಲ್ಲಿನ ಗೋರಿ ಇದೆಯಾ ಅಂತಲೂ ನೋಡಿ. ಇಂಥ ಗೋರಿಗಳು ಸಾಲಾಗಿರೋ ಕೊಪ್ಪಳದ ಹಿರೇಬೆಣಕಲ್ಲಿಗೆ ಒಮ್ಮೆ ಹೋಗಿ ಬಂದರೆ ಏನನ್ನು ಹುಡುಕಬೇಕು ಅನ್ನೋದು ಗೊತ್ತಾಗುತ್ತೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇದೆ, ಹತ್ತಿರದ ನವಶಿಲಾಯುಗದ ನೆಲೆ ಸಂಗನಕಲ್ಲಿನ ಸಾಮಾನುಗಳನ್ನು ಅಲ್ಲಿ ನೋಡಬಹುದು.

ಪ್ರಶ್ನೆ: ನಾನೊಬ್ಬ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ. ಕ್ಲಾಸಿನಲ್ಲಿ ಅರವತ್ತು ಮಕ್ಕಳು. ಪ್ರವಾಸಕ್ಕೆ ದುಡ್ಡಿಲ್ಲ, ಬಸ್ಸಿಲ್ಲ. ‘ಪ್ರಾಯೋಗಿಕ ಕಲಿಕೆ’ ಅಂತ ಸುತ್ತೋಲೆ ಬರುತ್ತೆ, ಏನು ಪ್ರಾಯೋಗಿಕ ಮಾಡಿಸಲಿ?

ಉತ್ತರ: ಸುತ್ತೋಲೆ ಕಳಿಸೋದು ಸುಲಭ ಬಿಡಿ ಸರ್. ಅತಿಥಿ ಉಪನ್ಯಾಸಕರ ಸಂಬಳದಲ್ಲಿ ಇಷ್ಟು ಯೋಚನೆ ಮಾಡ್ತಿದ್ದೀರಲ್ಲ, ಅದೇ ದೊಡ್ಡದು.

ಹಂಪಿಗೆ ಹೋಗಿ ಸೆಲ್ಫಿ ತೆಗೆದು ಬರೋದಕ್ಕಿಂತ ಕ್ಲಾಸ್‌ರೂಮಿನಲ್ಲೇ ಜಾಸ್ತಿ ಮಾಡಿಸಬಹುದು. ಮನೆಯಿಂದ ಒಂದೊಂದು ಹಳೇ ವಸ್ತು ಅಥವಾ ಕಾಗದ ತರೋಕೆ ಹೇಳಿ. ಸೇರು, ಪಾವು, ಕೊಳಗ ಬರುತ್ತೆ, ಕಾಲಾಣೆ ಬರುತ್ತೆ, ನಯಾ ಪೈಸೆ ಬರುತ್ತೆ, ಗಂಡಭೇರುಂಡದ ಮುದ್ರೆ ಇರೋ ಮೈಸೂರು ಸರ್ಕಾರದ ಛಾಪಾ ಕಾಗದ ಬಂದರೂ ಆಶ್ಚರ್ಯ ಇಲ್ಲ. ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾ ಪೈಸೆ ಬಂದಿದ್ದು 1957ರ ಏಪ್ರಿಲ್ 1ರಂದು. ಅವತ್ತು ಸಂತೆಯಲ್ಲಿ ಏನಾಯ್ತು ಅಂತ ಅಜ್ಜಂದಿರನ್ನು ಕೇಳಿಕೊಂಡು ಬರಲಿ. ಒಂದಾಣೆಗೆ ಆರೂಕಾಲು ಪೈಸೆ, ಆ ಕಾಲು ಪೈಸೆಯನ್ನು ಅಂಗಡಿಯವನು ನುಂಗಿದನೋ ಗಿರಾಕಿ ಬಿಟ್ಟುಕೊಟ್ಟನೋ? ಇಂಥ ಒಂದು ಪ್ರಶ್ನೆಯಿಂದ ಮಕ್ಕಳು ಆರ್ಥಿಕ ಇತಿಹಾಸಕ್ಕೆ ಇಳಿದುಬಿಡ್ತಾರೆ.

ನನಗೆ ತುಂಬ ಇಷ್ಟದ ಇನ್ನೊಂದು ದಾಖಲೆ ಅಂದ್ರೆ ಹಳೇ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ. ಹೆಡ್‌ಮಾಸ್ಟರರ ಒಪ್ಪಿಗೆ ಪಡೆದು, ಇಬ್ಬಿಬ್ಬರು ಮಕ್ಕಳಿಗೆ ಹತ್ತು ಹತ್ತು ವರ್ಷ ಹಂಚಿಕೊಡಿ. ಮೊದಲ ಹುಡುಗಿ ಯಾವ ವರ್ಷ ಸೇರಿದಳು, ಯಾವ ಕೇರಿಯವರು ಯಾವಾಗ ಕಾಣಿಸಿಕೊಂಡರು, ಅಪ್ಪನ ಕಸುಬಿನ ಕಾಲಂನಲ್ಲಿ ಏನು ಬದಲಾಯ್ತು, ಎಷ್ಟು ಮಕ್ಕಳು ನಾಲ್ಕನೇ ಕ್ಲಾಸಿಗೇ ಬಿಟ್ಟರು, ಎಲ್ಲ ಅಲ್ಲಿದೆ. ಬರ ಬಂದ ವರ್ಷ ಹಾಜರಿ ಏನಾಯ್ತು ಅಂತಲೂ ನೋಡಿಸಿ. ವರದಿಯಲ್ಲಿ ಯಾರ ಹೆಸರೂ ಜಾತಿಯೂ ಜೊತೆಜೊತೆಗೆ ಬರದ ಹಾಗೆ ಮಾತ್ರ ಗಟ್ಟಿಯಾಗಿ ಹೇಳಿಬಿಡಿ, ಸಣ್ಣ ಊರಲ್ಲಿ ಅದು ಜಗಳಕ್ಕೆ ದಾರಿ. ಅರವತ್ತು ಜನ ಇರೋದು ಇಲ್ಲಿ ಅನುಕೂಲವೇ ಆಯ್ತಲ್ಲ, ಒಬ್ಬರೇ ಕೂತರೆ ಆ ಪುಸ್ತಕ ಮುಗಿಯಲ್ಲ.

ಪ್ರಶ್ನೆ: ಮಗಳು ಬಿ.ಎ. ಇತಿಹಾಸ ತಗೊಂಡಿದ್ದಾಳೆ. ಭಾನುವಾರ ಬಂತು ಅಂದ್ರೆ ಕ್ಯಾಮೆರಾ ಹಿಡಿದು ಹಳ್ಳಿ ಸುತ್ತುತ್ತಾಳೆ. ಕಲ್ಲು ನೋಡಿದ್ರೆ ಹೊಟ್ಟೆ ತುಂಬುತ್ತಾ ಮೇಡಂ? ಒಬ್ಬ ತಂದೆ, ಚಿತ್ರದುರ್ಗ.

ಉತ್ತರ: ನಿಮ್ಮ ಆತಂಕ ಸುಳ್ಳಲ್ಲ ಸರ್, ಸುಮ್ನೆ ಸಮಾಧಾನದ ಮಾತು ಹೇಳಲ್ಲ. ಪುರಾತತ್ತ್ವ ಇಲಾಖೆ, ವಸ್ತುಸಂಗ್ರಹಾಲಯದ ಕೆಲಸಗಳು ಕಡಿಮೆ, ಅದಕ್ಕೆ ಎಂ.ಎ. ಬೇಕು. ಹೆಚ್ಚಿನವರು ಬಿ.ಎಡ್. ಮಾಡಿ ಮೇಷ್ಟ್ರಾಗ್ತಾರೆ, ಇಲ್ಲ ಕೆ.ಎ.ಎಸ್. ಪರೀಕ್ಷೆಗೆ ಕೂರ್ತಾರೆ. ಆದರೆ ನಾಲ್ಕು ಜನರನ್ನು ಮಾತಾಡಿಸಿ, ಹತ್ತು ಕಾಗದ ಹೋಲಿಸಿ, ಇದು ನಿಜ ಇದು ಗಾಳಿಸುದ್ದಿ ಅಂತ ಬೇರ್ಪಡಿಸಿ ಎರಡು ಪುಟ ನೆಟ್ಟಗೆ ಬರೆಯೋದು ಕಲಿತವಳು ಪತ್ರಿಕೆಗೂ ಬೇಕು, ಕಚೇರಿಗೂ ಬೇಕು. ಗೈಡ್ ಓದಿ ಪಾಸಾದವಳಿಗೆ ಇದು ಬರಲ್ಲ. ಚಿತ್ರದುರ್ಗ ಜಿಲ್ಲೆಯಲ್ಲೇ ಬ್ರಹ್ಮಗಿರಿಯ ಅಶೋಕನ ಶಾಸನ ಇದೆ. ಒಂದು ಭಾನುವಾರ ನೀವೂ ಜೊತೆಗೆ ಹೋಗಿ ಬನ್ನಿ, ಹುಡುಗಿ ಒಬ್ಬಳೇ ಬೆಟ್ಟಗುಡ್ಡ ಸುತ್ತೋದು ತಪ್ಪುತ್ತೆ.

ಪ್ರಶ್ನೆ: ಶಾಸನದ ಫೋಟೋ ಎಐಗೆ ಹಾಕಿದ್ರೆ ಓದಿ ಕೊಡುತ್ತಾ?

ಉತ್ತರ: ಕೊಡುತ್ತೆ. ಕಲ್ಲಿನಲ್ಲಿ ಇರೋದನ್ನೂ ಕೊಡುತ್ತೆ, ಇಲ್ಲದೇ ಇರೋದನ್ನೂ ಅಷ್ಟೇ ಧೈರ್ಯದಿಂದ ಕೊಡುತ್ತೆ. ಹಳಗನ್ನಡದ ಱ, ೞ ಬಂದ ಕಡೆ ಒಂದೊಂದು ಅಕ್ಷರವನ್ನೂ ನೀವೇ ಕಲ್ಲಿನ ಜೊತೆ ತಾಳೆ ನೋಡಿ. ಅದು ಹೇಳಿದ ಸಂಪುಟ, ಪುಟ ಸಂಖ್ಯೆಯನ್ನು ಪುಸ್ತಕ ತೆರೆದು ನೋಡದೆ ಅಡಿಟಿಪ್ಪಣಿಯಲ್ಲಿ ಹಾಕಬೇಡಿ. ಅದರ ಬದಲು ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರದ ತರಗತಿ ಸೇರಿದರೆ ಲಿಪಿ ಓದೋದು ನಿಮಗೇ ಬರುತ್ತೆ.

ಪ್ರಶ್ನೆ: ನಮ್ಮ ಪ್ರಾಜೆಕ್ಟ್ ಚೆನ್ನಾಗಿ ಬಂದಿದೆ ಅಂತ ಗೈಡ್ ಅಂದ್ರು. ಎಲ್ಲಾದರೂ ಪ್ರಕಟ ಮಾಡಬಹುದಾ? ‘ಅಂತಾರಾಷ್ಟ್ರೀಯ ಜರ್ನಲ್’ ಅಂತ ಒಬ್ಬರು ದುಡ್ಡು ಕೇಳ್ತಿದ್ದಾರೆ.

ಉತ್ತರ: ದುಡ್ಡು ಕೊಟ್ಟು ಎರಡೇ ದಿನದಲ್ಲಿ ಅಚ್ಚಾಗೋ ಜರ್ನಲ್ ಬೇಡವೇ ಬೇಡ. ಕರ್ನಾಟಕ ಇತಿಹಾಸ ಅಕಾಡೆಮಿ ಪ್ರತಿ ವರ್ಷ ಸಮ್ಮೇಳನ ನಡೆಸುತ್ತೆ, ಹೊಸ ಶಾಸನ, ಹೊಸ ವೀರಗಲ್ಲು ಸಿಕ್ಕವರೆಲ್ಲ ಅಲ್ಲಿ ಬಂದು ಹೇಳ್ತಾರೆ, ಅವರ ‘ಇತಿಹಾಸ ದರ್ಶನ’ ಸಂಪುಟಗಳನ್ನು ತೆಗೆದು ನೋಡಿದರೆ ಎಷ್ಟು ಚಿಕ್ಕದಾಗಿ, ನೇರವಾಗಿ ಬರೀಬಹುದು ಅನ್ನೋದು ಗೊತ್ತಾಗುತ್ತೆ. ನಲವತ್ತು ಪುಟವನ್ನು ಐದಕ್ಕೆ ಇಳಿಸಿ. ಪೀಠಿಕೆಯಲ್ಲಿ ‘ಇತಿಹಾಸ ಎಂದರೇನು’ ಅಂತ ಬರೆದಿರೋ ಮೂರು ಪುಟ ಮೊದಲು ಕಿತ್ತು ಹಾಕಿ. ನಕ್ಷೆ, ಅಳತೆ, ಪಾಠ, ಫೋಟೋ ಉಳಿಸಿಕೊಳ್ಳಿ. ಒಂದು ಪ್ರತಿ ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ, ತಪ್ಪಿದ್ದರೆ ಊರಿನವರೇ ಹೇಳ್ತಾರೆ.